ಹೊಳೆ ತುಂಬಿದಾಗಿನ ಕರೆ

ತೋಳನವಾಡಿಯ ಯಾವ ಮಾಳಿಗೆ ಹತ್ತಿ ನಿಂತರೂ ಭೀಮಾ ನದಿಯ ಆಚೆ ದಂಡೆಯ ಹುಣಸಿಹಾಳ ಕಾಣುತ್ತದೆ. ಮುಂಜಾನೆ ಅಲ್ಲಿ ಯಾರ ಮನೆಯ ಒಲೆ ಮೊದಲು ಹೊತ್ತಿತೆಂದು ಹೊಗೆ ನೋಡಿ ಹೇಳಬಹುದು. ಇಷ್ಟು ಹತ್ತಿರದ ಊರಿಗೆ ಮಗಳನ್ನು ಕೊಟ್ಟರೆ ಕಣ್ಣೆದುರಿಗೇ ಇರುತ್ತಾಳೆ ಎಂದು ಶಿವಕಾಂತಾಳ ಅಪ್ಪ ಲೆಕ್ಕ ಹಾಕಿದ್ದ. ಲೆಕ್ಕ ತಪ್ಪಲಿಲ್ಲ, ಮಗಳು ಕಣ್ಣೆದುರಿಗೇ ಇದ್ದಳು. ಆದರೆ ಅವನು ಲೆಕ್ಕ ಹಾಕಿದ್ದು ಬೇಸಿಗೆಯಲ್ಲಿ. ಹೊಳೆಸಾಲಿನ ಗಂಡಸರು ಮದುವೆಯ ಮಾತು ಆಡುವುದೆಲ್ಲ ಬೇಸಿಗೆಯಲ್ಲೇ, ಅದಕ್ಕಾಗಿ ಅಳುವುದು ಮಾತ್ರ ಹೆಂಗಸರು, ಅದೂ ಮಳೆಗಾಲದಲ್ಲಿ.

ಬೇಸಿಗೆಯ ಭೀಮೆಯನ್ನು ಚಪ್ಪಲಿ ಕೈಯಲ್ಲಿ ಹಿಡಿದು ದಾಟಬಹುದು. ಶ್ರಾವಣ ಹತ್ತಿರ ಬಂತೆಂದರೆ ಅದು ಬೇರೆಯೇ ಹೊಳೆ. ಎಲ್ಲೋ ಮಹಾರಾಷ್ಟ್ರದ ಮೇಲೆ ಸುರಿದ ಮಳೆ ಇಲ್ಲಿ ಕೆಂಪು ನೀರಾಗಿ ದಂಡೆಗೆ ದಂಡೆ ಹತ್ತಿ ಹರಿಯುತ್ತದೆ. ಹುಣಸಿಹಾಳದ ಕಡೆ ಹಳ್ಳವೊಂದು ಹೊಳೆಗೆ ಕೂಡುವ ತಗ್ಗಿದೆ. ಹೊಳೆಯ ನೀರು ಆ ತಗ್ಗಿನೊಳಗೆ ಹಿಂದಕ್ಕೆ ನುಗ್ಗಿ ಎರೆಹೊಲಗಳನ್ನೆಲ್ಲ ಮುಚ್ಚಿ, ಊರಿನ ಬುಡದ ತನಕ ಹೋಗಿ ನಿಲ್ಲುತ್ತದೆ. ಅಂಬಿಗ ಚಂದಪ್ಪ ತನ್ನ ಹರಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿದನೆಂದರೆ ದಸರೆಯ ತನಕ ಈ ಊರು ಈ ಕಡೆ, ಆ ಊರು ಆ ಕಡೆ. ಗುಲ್ಬರ್ಗಾ ಮೇಲೆ ಸುತ್ತು ಹಾಕಿ ಹೋಗುವ ದಾರಿಯೊಂದಿತ್ತು. ನಡುವೆ ತುಂಬಿ ನಿಂತ ಹಳ್ಳಗಳಲ್ಲಿ ಕಾದು ಕಾದು, ಹಬ್ಬಕ್ಕೆಂದು ಹೊರಟವಳು ಹಬ್ಬ ಮುಗಿದ ಮೇಲೆ ಮುಟ್ಟುತ್ತಿದ್ದಳು.

ಹಬ್ಬವೆಂದರೆ ನಾಗರ ಪಂಚಮಿ. ಬೇರೆ ಹಬ್ಬಗಳು ದೇವರಿಗೆ, ಇದೊಂದು ಹೆಣ್ಣುಮಕ್ಕಳಿಗೆ. ಅಣ್ಣನೋ ತಮ್ಮನೋ ಗಂಡನ ಮನೆಗೆ ಬಂದು, ಅತ್ತೆ ಮಾವನ ಎದುರು ಕುಳಿತು, "ನಮ್ಮ ಹುಡುಗೀನ ಕರಕೊಂಡು ಹೋಗ್ತೇವ್ರಿ" ಎಂದು ಬಾಯಿ ಬಿಟ್ಟು ಕೇಳಬೇಕು. ಕರೆಯದೆ ಹೋಗುವಂತಿಲ್ಲ. ಮನೆಯ ಮಗಳೇ ಆದರೂ ಕರೆಯದೆ ಹೋದವಳಿಗೆ ಹಬ್ಬದ ಮರ್ಯಾದೆ ಇಲ್ಲ. ರೊಟ್ಟಿಹಬ್ಬ, ಚೌತಿ, ಪಂಚಮಿ ಮೂರು ದಿನ ತವರಿನಲ್ಲಿ ಕಳೆದು, ಜೋಕಾಲಿ ಜೀಕಿ, ಉಂಡಿ ಕಟ್ಟಿಸಿಕೊಂಡು ಹೆಂಗಸರು ಹಿಂದಿರುಗುವ ಹೊತ್ತಿಗೆ ಅವರ ಮುಖಗಳೇ ಬೇರೆಯಾಗಿರುತ್ತಿದ್ದವು. ಶಿವಕಾಂತಾ ಆ ಮುಖಗಳನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಓಣಿಯ ಸೊಸೆಯಂದಿರೆಲ್ಲ ಹೊರಟುಹೋದಾಗ ಉಳಿಯುತ್ತಿದ್ದವಳು ಅವಳೊಬ್ಬಳು.

ಸುಮ್ಮನೆ ಉಳಿದಳೆಂದೂ ಅಲ್ಲ. ಅವಳು ಉಳಿದ ಮನೆಗೆ ನಾದಿನಿ ಗಂಗಾಬಾಯಿ ಬರುತ್ತಿದ್ದಳು. ಗಂಗಾಬಾಯಿಯನ್ನು ಕೊಟ್ಟದ್ದು ಖಜೂರಿಗೆ, ಮಹಾರಾಷ್ಟ್ರದ ರಸ್ತೆಯ ಊರು, ಮಳೆ ಬರಲಿ ಬಿಡಲಿ ಲಾರಿ ಬಸ್ಸು ತಪ್ಪದ ಜಾಗ. ಶಿವಕಾಂತಾಳ ಗಂಡ ದೌಲತರಾಯ ಪ್ರತಿವರ್ಷ ತಪ್ಪದೆ ಹೋಗಿ ತಂಗಿಯನ್ನು ಕರೆತರುತ್ತಿದ್ದ. "ವೈನಿ, ಜೋಕಾಲಿ ಹಗ್ಗ ಎಲ್ಲಿಟ್ಟೀರಿ?" ಎಂದು ಅತ್ತಿಗೆಯನ್ನು ಕೇಳುತ್ತ ಗಂಗಾಬಾಯಿ ಒಳಗೆ ಬಂದಳೆಂದರೆ ಶಿವಕಾಂತಾಳ ಕೈಗೆ ಹಿಟ್ಟು ಮೆತ್ತಿತು. ಉಂಡಿ, ಕಡಬು, ತಂಬಿಟ್ಟು, ಮತ್ತೆ ಬಿಸಿನೀರು. ಗಂಗಾಬಾಯಿ ಕೆಟ್ಟವಳಲ್ಲ. ತವರಿಗೆ ಬಂದ ಮಗಳು ಒಲೆಯ ಕಡೆ ತಿರುಗಿ ನೋಡಬಾರದೆಂಬುದು ಅವಳು ಮಾಡಿದ ಕಟ್ಟಳೆಯೂ ಅಲ್ಲ.

ಮದುವೆಯಾದ ಮೊದಲ ವರ್ಷದ ಪಂಚಮಿಗೆ ಶಿವಕಾಂತಾಳ ಅಣ್ಣ ಕಲ್ಯಾಣಪ್ಪ ಹೊಳೆಯ ಆಚೆ ದಂಡೆಗೆ ಬಂದು ನಿಂತ. ಕೂಗಿದ. ಅವನ ಕೂಗನ್ನು ಹೊಳೆ ನಡುವೆಯೇ ನುಂಗಿತು. ಆಗ ಅವನು ತಲೆಯ ಮೇಲಿನ ರುಮಾಲು ಬಿಚ್ಚಿ ಉದ್ದಕ್ಕೆ ಹಿಡಿದು ಬೀಸಿದ. ನಾಲ್ಕು ಮಂದಿಯ ಎದುರು ಗಂಡಸು ರುಮಾಲು ಬಿಚ್ಚುವುದೆಂದರೆ ಸಣ್ಣ ಮಾತಲ್ಲ, ಅದೂ ಕಲ್ಯಾಣಪ್ಪನಂಥ ಬಿಗಿ ಮನುಷ್ಯ. ಈ ದಂಡೆಯಲ್ಲಿ ನೀರಿಗೆ ಬಂದ ಹೆಂಗಸರು, "ನಿಮ್ಮಣ್ಣ ಕರಿಯಾಕತ್ತಾನ ನೋಡಬೇ" ಎಂದು ಶಿವಕಾಂತಾಳನ್ನು ಮುಂದೆ ತಳ್ಳಿದರು. ಹೊಸ ಸೊಸೆ, ಕೈ ಬೀಸುವಂತಿಲ್ಲ, ಕೂಗುವಂತಿಲ್ಲ. ಅವಳು ಕಂಕುಳಲ್ಲಿದ್ದ ತಾಮ್ರದ ಕೊಡವನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ ಹಿಡಿದಳು. ಆಚೆ ಕಂಡಿತೇನೋ, ರುಮಾಲು ಇನ್ನಷ್ಟು ಜೋರಾಗಿ ಹಾರಾಡಿತು. ಕರೆಯುವುದು ಮುಗಿಯಿತು, ಕರೆಸಿಕೊಳ್ಳುವುದೂ ಮುಗಿಯಿತು. ಇಬ್ಬರೂ ತಮ್ಮ ತಮ್ಮ ಮನೆಗೆ ಹೋದರು.

ಆಮೇಲೆ ಅದೇ ರೂಢಿಯಾಯಿತು. ಅಪ್ಪ ಹೋದ, ಅವ್ವ ಹೋದಳು, ಶಿವಕಾಂತಾಳಿಗೆ ಇಬ್ಬರು ಗಂಡುಮಕ್ಕಳಾಗಿ ಎತ್ತರಕ್ಕೆ ಬೆಳೆದರು. ಕಲ್ಯಾಣಪ್ಪ ಮಾತ್ರ ರೊಟ್ಟಿಹಬ್ಬದ ಹಿಂದಿನ ದಿನ ದಂಡೆಗೆ ಬರುವುದನ್ನು ಬಿಡಲಿಲ್ಲ. ತೋಳನವಾಡಿಯ ಮಂದಿ ನಗುತ್ತಿದ್ದರು. ಅವಳೂ ಅವರ ಜತೆ ನಗುತ್ತಿದ್ದಳು, ಮನೆಗೆ ಬಂದು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಳು. ತಾನು ಕರೆಯದೆ ಬಿಟ್ಟ ಮಗಳಲ್ಲ, ಕರೆದರೂ ಹೋಗಲಾಗದ ಮಗಳು. ಈ ಎರಡಕ್ಕೂ ಇರುವ ಅಂತರ ಹೆಂಗಸರಿಗೆ ಗೊತ್ತು. ಆ ಅಂತರದ ಮೇಲೆಯೇ ಅವಳು ಅಷ್ಟು ವರ್ಷ ತಲೆ ಎತ್ತಿ ಓಡಾಡಿದಳು.

ಹೊಳೆಗೆ ಸೇತುವೆ, ಊರವರ ಬಾಯಲ್ಲಿ ಪೂಲು, ಅದರ ಕೆಲಸ ಸುರುವಾದಾಗ ಅವಳಿಗೆ ಹುಚ್ಚು ಹಿಡಿದಂತಾಯಿತು. ಮೊದಲು ಹುಣಸಿಹಾಳದ ಕಡೆಯ ತಗ್ಗಿಗೆ ಅಡ್ಡಲಾಗಿ ಗರಸುಮಣ್ಣು ಸುರಿದು, ಎರಡೂ ಮಗ್ಗುಲಿಗೆ ಕಲ್ಲು ಕಟ್ಟಿ, ಎತ್ತರದ ಏರಿ ಹಾಕಿದರು. ಅದರ ಮೇಲೆ ರಸ್ತೆ. ಏರಿಯ ತುದಿಗೆ ಹೊಳೆಯೊಳಗೆ ಕಂಬಗಳೆದ್ದವು. ಒಂದು ವರ್ಷ ಗುತ್ತೇದಾರ ಓಡಿಹೋದ, ಒಂದು ವರ್ಷ ಹೊಳೆಯೇ ಏರಿಯ ಅರ್ಧ ಒಯ್ದಿತು, ಚುನಾವಣೆ ಬಂದಾಗ ಕೆಲಸ ಜೋರಾಯಿತು, ಮುಗಿದ ಮೇಲೆ ನಿಂತಿತು. ಸರಕಾರದ ಕೆಲಸ ಹೀಗೇ ನಡೆಯುತ್ತದೆಂದು ಗಂಡಸರು ತಂಬಾಕು ತಿಕ್ಕುತ್ತ ಕುಳಿತರು. ಶಿವಕಾಂತಾ ಮಾತ್ರ ನೀರಿಗೆ ಹೋದಾಗಲೆಲ್ಲ ಕಂಬ ಎಷ್ಟು ಎತ್ತರವಾಯಿತೆಂದು ನೋಡಿ ಬಂದು ಗಂಡನಿಗೆ ಹೇಳುತ್ತಿದ್ದಳು. "ಗೌರ್ನಮೆಂಟಿನವರು ನಿನಗೊಬ್ಬಾಕಿಗೇ ಕಟ್ಟಾಕತ್ತಾರೇನು ಈ ಪೂಲ?" ಎಂದು ದೌಲತರಾಯ ಕೇಳಿದರೆ, "ಮತ್ಯಾರಿಗ್ರಿ?" ಎನ್ನುತ್ತಿದ್ದಳು. ಚೇಷ್ಟೆಗೆ ಹೇಳಿದ ಮಾತಲ್ಲ ಅದು.

ತೊಂಬತ್ತೆರಡರ ಬೇಸಿಗೆಯಲ್ಲಿ ಪೂಲು ತೆರೆಯಿತು. ಮೊದಲ ಬಸ್ಸಿನಲ್ಲೇ ಕಲ್ಯಾಣಪ್ಪ ಬಂದ. ತಂಗಿ ಬಡಿಸಿದ ಹೋಳಿಗೆ ತಿನ್ನುತ್ತ, ಬಾಯಿ ತುಂಬಿಕೊಂಡೇ ಹೇಳಿದ. "ಈ ಸಲ ಪಂಚಮಿಗಿ ರುಮಾಲ ಬೀಸಂಗಿಲ್ಲ ತಂಗಿ. ಬಸ್ ಹತ್ತಿ ಬರ್ತೇನಿ, ನಿಮ್ಮ ಕಟ್ಟಿ ಮ್ಯಾಲ ಕುಂತು ಕರೀತೇನಿ."

ಆ ಮಾತಿನ ಮೇಲೆ ಅವಳು ಆಷಾಢವನ್ನೆಲ್ಲ ಕಳೆದಳು. ಹೊಸ ಇಳಕಲ್ಲ ಸೀರೆ ಮಡಿಕೆ ಬಿಚ್ಚಿ ಗಾಳಿಗೆ ಹಾಕಿದಳು. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದಳು. ತವರಿಗೆ ಹೋಗುವವಳು ಉಂಡಿ ಒಯ್ಯುವುದಿಲ್ಲ, ತರುತ್ತಾಳೆ. ಅದು ಗೊತ್ತಿದ್ದೂ ಕಟ್ಟಿದಳು. ನಲವತ್ತರ ಹತ್ತಿರದ ಹೆಂಗಸು, ಬೆಳೆದ ಗಂಡುಮಕ್ಕಳ ತಾಯಿ, ಅಂಗಳದಲ್ಲಿ ಒಬ್ಬಳೇ ಇದ್ದಾಗ ಹಾಡು ಗುನುಗುತ್ತಿದ್ದಳು.

ರೊಟ್ಟಿಹಬ್ಬದ ಹಿಂದಿನ ದಿನ ಎರಡು ಸಲ ಬಸ್ಸು ಬಂತು, ಕಲ್ಯಾಣಪ್ಪ ಇಳಿಯಲಿಲ್ಲ. ಸಂಜೆ ಅವಳು ಕೊಡ ಹಿಡಿದು ದಂಡೆಗೂ ಹೋಗಿ ನೋಡಿದಳು. ಹೊಳೆ ತುಂಬಿತ್ತು, ಆಚೆ ದಂಡೆ ಬರಿದಾಗಿತ್ತು. ರೊಟ್ಟಿಹಬ್ಬದ ದಿನ ಗಂಗಾಬಾಯಿ ಬಂದಳು, ಅಣ್ಣನ ಹಿಂದೆ ಚೀಲ ಹಿಡಿದು, ನಗುನಗುತ್ತ.

"ವೈನಿ, ಈ ಸಲ ನೀವು ಹೋಗೋರಂತ? ದಾರ್ಯಾಗ ಅಣ್ಣ ಹೇಳ್ದ" ಎಂದು ಕಾಲು ತೊಳೆಯುತ್ತ ಕೇಳಿದಳು. ಆಮೇಲೆ, "ಹಂಗಾದ್ರ ಇಲ್ಲಿ ಒಲಿ ಮುಂದ ಯಾರಿರ್ತಾರ?" ಎಂದಳು.

ಕುಹಕವಿರಲಿಲ್ಲ ಅದರಲ್ಲಿ, ಮನಸ್ಸಿಗೆ ಬಂದದ್ದು ಬಾಯಿಗೆ ಬಂತು ಅಷ್ಟೆ. ದೌಲತರಾಯ ಹೆಂಡತಿಯ ಮುಖ ನೋಡಿ, ತಂಗಿಯ ಮುಖ ನೋಡಿ, ಎತ್ತಿಗೆ ಮೇವು ಹಾಕುವುದು ನೆನಪಾದವನಂತೆ ಎದ್ದು ಹೋದ. ಶಿವಕಾಂತಾಳ ಕಿವಿ ಆಗ ಬಸ್ಸಿನ ಸದ್ದಿನ ಕಡೆಗಿತ್ತು. ಆ ಮಾತು ಅವಳಿಗೆ ತಾಗಲಿಲ್ಲ.

ಚೌತಿಯ ಬೆಳಿಗ್ಗೆ ಮೊದಲ ಬಸ್ಸೂ ಬಂದು ಹೋಯಿತು. ಅವಳು ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬಂದು ನಿಂತು, ಪೂಲಿನ ಮೇಲೆ ಅದು ಸಣ್ಣದಾಗುವುದನ್ನು ನೋಡಿದಳು. ಆಗ ಬಂತು ಆ ಯೋಚನೆ. ಬಂದದ್ದೇ ಎದೆಯೊಳಗೆ ಕೂತಿತು. ಹೊಳೆ ತುಂಬಿದಾಗ ಕರೆಯುವುದಕ್ಕೆ ಏನು ಹೋಗುತ್ತದೆ? ಬರಲಾಗದವಳನ್ನು ಯಾರು ಬೇಕಾದರೂ ಕರೆಯಬಹುದು. ರುಮಾಲು ಬಿಚ್ಚಿಯೂ ಕರೆಯಬಹುದು. ನಡುವೆ ಅಷ್ಟು ನೀರಿದೆ ಎಂಬ ಧೈರ್ಯದ ಮೇಲೆ ಅಣ್ಣ ಇಷ್ಟು ವರ್ಷ ಕರೆದನೇ? ಹಾಗಾದರೆ ತಾನು ಓಣಿಯಲ್ಲಿ ತಲೆ ಎತ್ತಿ ಓಡಾಡಿದ್ದು ಯಾವುದರ ಮೇಲೆ? ಇದನ್ನು ತಿಳಿಯದೆ ಇನ್ನೊಂದು ಕಡಬು ಮಡಿಚುವುದೂ ಅವಳಿಂದಾಗಲಿಲ್ಲ.

ಕೈ ತೊಳೆದಳು. ಇಳಕಲ್ಲ ಸೀರೆಯನ್ನೇ ಉಟ್ಟಳು. ಉಂಡಿಯ ಗಂಟು ಕಟ್ಟಿದಳು.

"ಕರೀಲಾರದ ಹೊಂಟಿ?" ದೌಲತರಾಯ ಕಟ್ಟೆಯ ಮೇಲಿಂದ ಕೇಳಿದ.

"ಹಬ್ಬಕ್ಕ ಹೊಂಟಿಲ್ರಿ. ಕೇಳಾಕ ಹೊಂಟೀನಿ."

"ಏನ ಕೇಳ್ತಿ?"

"ಅವಂಗೇ ಕೇಳ್ತೇನಿ." ಒಳಗಿದ್ದ ಗಂಗಾಬಾಯಿಗೆ ಕೇಳುವಂತೆ, "ರೊಟ್ಟಿ ಬುಟ್ಟ್ಯಾಗ ಅವ, ಕಡಬು ನೀವು ಕುದಿಸ್ಕೋರಿ" ಎಂದು ಹೇಳಿ ಹೊರಬಿದ್ದಳು. ಆ ಮನೆಗೆ ಕಾಲಿಟ್ಟ ಮೇಲೆ ಹಬ್ಬದ ದಿನ ಒಲೆಗೆ ಬೆನ್ನು ಮಾಡಿದ್ದು ಅದೇ ಮೊದಲು.

ಬಸ್ಸಿಗೆ ಕಾಯಲಿಲ್ಲ, ನಡೆದಳು. ಪೂಲಿನ ಮೇಲೆ ಗಾಳಿ ಸೀರೆಯನ್ನು ಎಳೆಯುತ್ತಿತ್ತು. ಕಾಲ ಕೆಳಗೆ ಆ ಹೊಳೆ, ಅವಳ ಹರೆಯವನ್ನೆಲ್ಲ ಈಚೆಗೇ ತಡೆದಿಟ್ಟ ಹೊಳೆ, ಕಂಬಗಳಿಗೆ ಬಡಿದುಕೊಂಡು ಹೋಗುತ್ತಿತ್ತು. ಅದನ್ನು ದಾಟುವುದು ಹೇಗಿರುತ್ತದೆ ಎಂದು ಎಷ್ಟೋ ಸಲ ಕನಸು ಕಂಡಿದ್ದಳು. ಈಗ ದಾಟುವಾಗ ಕೆಳಗೆ ನೋಡಲೂ ಇಲ್ಲ. ಪೂಲು ಮುಗಿದು ಏರಿ ಬಂತು. ಎರಡೂ ಬದಿಗೆ ಹಿನ್ನೀರು, ಮುಳುಗಿದ ಬದುಗಳು, ನೀರಿನ ಮೇಲೆ ತಲೆ ಮಾತ್ರ ಕಾಣುವ ಜಾಲಿಗಿಡಗಳು. ಏರಿಯ ಉದ್ದಕ್ಕೂ ಅವಳು ಅಣ್ಣನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತ ಹೋದಳು. ಒಂದಕ್ಕಿಂತ ಒಂದು ಚೂಪಾಗಿದ್ದವು.

ತವರುಮನೆಯ ಮುಂದೆ ಒಂದು ಎತ್ತಿನ ಬಂಡಿ ನಿಂತಿತ್ತು. ಎತ್ತುಗಳ ಕೊರಳಲ್ಲಿ ಹಬ್ಬದ ಗೆಜ್ಜೆಸರ. ಅತ್ತಿಗೆ ಸುಭದ್ರಾಬಾಯಿಯ ತಮ್ಮ ಅಮೃತ ನೊಗದ ಹತ್ತಿರ ನಿಂತಿದ್ದ. ಬಸ್ಸಿಲ್ಲದ ಒಳಗಿನ ಊರು ಅವರದು, ಪ್ರತಿವರ್ಷ ಬಂಡಿ ಕಟ್ಟಿಕೊಂಡು ಬಂದು ಅಕ್ಕನನ್ನು ಕರೆದೊಯ್ಯುತ್ತಿದ್ದ. ಕಲ್ಯಾಣಪ್ಪ ಹೊಸ್ತಿಲ ಹೊರಗೆ ನಿಂತಿದ್ದ. ಸುಭದ್ರಾಬಾಯಿ ಕಂಕುಳಲ್ಲಿ ಗಂಟು ಇಟ್ಟುಕೊಂಡು, ಅದೇ ಆಗ ಬಂಡಿಯ ಕಡೆ ಹೆಜ್ಜೆ ಇಟ್ಟಿದ್ದಳು. ತಲೆಯಲ್ಲಿ ಹೂವು, ಮುಖದಲ್ಲಿ ಬೆಳಕು. ಐವತ್ತರ ಹೆಂಗಸು ಹುಡುಗಿಯಂತೆ ಕಾಣುತ್ತಿದ್ದಳು.

ಎದುರಿಗೆ ನಾದಿನಿಯನ್ನು ಕಂಡಳು. ಮುಖದ ಬೆಳಕು ಹೋದದ್ದು ಶಿವಕಾಂತಾಳ ಕಣ್ಣಿಗೆ ಬಿತ್ತು. ಅರೆಗಳಿಗೆ ಅಷ್ಟೆ. ಮರುಕ್ಷಣ ಸುಭದ್ರಾಬಾಯಿ ನಕ್ಕಳು, ನಗಲೇಬೇಕಾದ ನಗು. "ಬಾರವ್ವ ಶಿವಕಾಂತಾ, ಬಾ. ಎಷ್ಟ ವರ್ಷಕ್ಕ ಪಂಚಮಿಗಿ ಬಂದಿ" ಎಂದವಳು ಗಂಟನ್ನು ಒಳಗೆ ಗೂಡಿನಲ್ಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಕಡೆ ತಿರುಗಿದಳು. "ಅಮೃತ, ನೀ ಹೋಗಪ್ಪ. ಅವ್ವಗ ಹೇಳು, ಈ ಸಲ ಆಗಲಿಲ್ಲಂತ."

ಶಿವಕಾಂತಾ ಅಂಗಳದಲ್ಲೇ ನಿಂತುಬಿಟ್ಟಳು. ಆ ಸೆರಗು ಸಿಕ್ಕಿಸುವ ರೀತಿ ಅವಳಿಗೆ ಗೊತ್ತು. ಗಂಗಾಬಾಯಿ ಹೊಸ್ತಿಲಲ್ಲಿ ಕಂಡ ಕೂಡಲೇ ತಾನು ಸಿಕ್ಕಿಸುವುದೂ ಹಾಗೆಯೇ. ಅತ್ತಿಗೆ ಪಂಚಮಿಗೆ ತವರಿಗೆ ಹೋಗುತ್ತಾಳೆಂಬುದು ಕೇಳಿ ಗೊತ್ತಿಲ್ಲದ ಮಾತೇನಲ್ಲ. ಆದರೆ ಇಷ್ಟು ವರ್ಷ ಅವಳು ಬಯಸಿದ ಪಂಚಮಿಯಲ್ಲಿ ತಾನು ಜೋಕಾಲಿಯಲ್ಲಿದ್ದಳು, ಅಣ್ಣ ತೂಗುತ್ತಿದ್ದ, ಒಳಗೆ ಯಾರೋ ಕಡಬು ಕುದಿಸುತ್ತಿದ್ದರು. ಅವ್ವ ಇದ್ದಾಗ ಅದು ಅವ್ವ. ಅವ್ವ ಹೋದ ಮೇಲೆ ಆ ಯಾರೋಗೆ ಮುಖವೇ ಇರಲಿಲ್ಲ. ಮುಖ ಇವತ್ತು ಕಂಡಿತು.

ಏರಿಯ ಮೇಲೆ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಬೇರೆಯೇ.

"ಅಯ್ಯ ವೈನಿ, ನಾ ಹಬ್ಬಕ್ಕ ಬಂದಿಲ್ರಿ. ಜೇವರ್ಗಿಗಿ ಹೊಂಟೀನಿ. ನಮ್ಮ ಮನಿಯವರ ಕಾಕಾ ಅದಾರ ಅಲ್ಲಿ, ಪಂಚಮಿಗಿ ಅಲ್ಲೇ ಕರದಾರ. ಹಾದಿ ಮ್ಯಾಲ ನಿಮ್ಮ ಮಾರಿ ನೋಡಿ ಹೋಗಮು ಅಂತ ಬಂದೆ."

ಸುಭದ್ರಾಬಾಯಿ ಒಲೆಯ ಹತ್ತಿರದಿಂದ ತಿರುಗಿ ನೋಡಿದಳು. "ಖರೇನ?"

"ಖರೇರಿ. ನೀವು ಕರೀಲಿಲ್ಲಂದ್ರ ನನ್ನ ಕರಿಯೋರು ಬ್ಯಾರೆ ಯಾರೂ ಇಲ್ಲೇನ್ರಿ?"

"ಮತ್ತ ಮನ್ಯಾಗ ನೀ ಇರು ಮುಂದ ನಾ ಹ್ಯಾಂಗ ಹೋಗ್ಲಿ? ಮಂದಿ ಏನಂದಾರು?"

"ನಾ ಇರಾಕ ಬಂದಿದ್ರ ಹೌದ್ರಿ. ನೀರ ಕುಡದು ಹೋಗಾಕಿ ನಾ. ನಡೀರಿ, ಎತ್ತು ನಿಂತಾವ."

ತಾನೇ ಒಳಗೆ ಹೋಗಿ ಗೂಡಿನಿಂದ ಗಂಟು ತೆಗೆದು ಅತ್ತಿಗೆಯ ಕಂಕುಳಿಗೆ ಕೊಟ್ಟಳು. ತನ್ನ ಉಂಡಿಯ ಗಂಟನ್ನೂ ಅದರ ಮೇಲಿಟ್ಟಳು. "ನಿಮ್ಮ ಅವ್ವಗ ಕೊಡ್ರಿ. ಶೇಂಗಾ ಮೆತ್ತಗ ಕುಟ್ಟೀನಿ." ಸುಭದ್ರಾಬಾಯಿಯ ಮುಖಕ್ಕೆ ಬೆಳಕು ಮತ್ತೆ ಬಂತು. ಅವಳು ನಂಬಿದಳೋ, ನಂಬುವುದು ಬೇಕಿತ್ತೋ, ಅದನ್ನು ಕೆದಕಿ ಯಾರಿಗೇನಾಗಬೇಕು. ಬಂಡಿ ಹತ್ತುವ ಮುಂದೆ ನಾದಿನಿಯ ಗಲ್ಲವನ್ನು ಎರಡೂ ಕೈಯಿಂದ ಸವರಿ ನೆಟಿಕೆ ಮುರಿದಳು. ಗೆಜ್ಜೆಯ ಸದ್ದು ಓಣಿ ತಿರುಗುವ ತನಕ ಕೇಳಿತು.

ಅಂಗಳದಲ್ಲಿ ಅಣ್ಣ ತಂಗಿ ಉಳಿದರು.

"ಜೇವರ್ಗ್ಯಾಗ ನಿಮ್ಮ ಕಾಕಾ ಯಾರದಾರ?" ಎಂದ ಕಲ್ಯಾಣಪ್ಪ.

"ಯಾರೂ ಇಲ್ಲ."

ಅವನು ತಲೆಬಾಗಿಲಲ್ಲಿ ಕುಳಿತ. ಅವಳು ಎದುರಿಗೆ ಕಟ್ಟೆಯ ಮೇಲೆ ಕುಳಿತಳು. ಕೇಳಬೇಕೆಂದು ಬಂದದ್ದನ್ನು ಈಗ ಕೇಳಿದಳು. ಚೂಪೆಲ್ಲ ಹೋಗಿತ್ತು. "ಬರಲಾರದಾಕಿನ ಕರಿಯೋದು ಹಗುರ ಇತ್ತಲ್ಲ, ಅಣ್ಣ?"

"ಹಗುರ ಇತ್ತು" ಎಂದ ಕಲ್ಯಾಣಪ್ಪ. ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಒಳಗೆ ಕೂದಲೆಲ್ಲ ಬೆಳ್ಳಗಾಗಿತ್ತು. "ಸುಳ್ಳ ಹೇಳಂಗಿಲ್ಲ ತಂಗಿ. ಹೊಳಿ ತುಂಬಿತ್ತಂತ ಧೈರ್ಯದ ಮ್ಯಾಲ ಕರೀತಿದ್ದೆ. ಅವ್ವ ಹ್ವಾದ ಮ್ಯಾಲ ಪಂಚಮಿಗಿ ಈ ಮನ್ಯಾಗ ನಾ ಒಬ್ಬನ. ನಿಮ್ಮ ವೈನಿ ಮಾಡಿಟ್ಟ ಹೋದ ರೊಟ್ಟಿ ತಿಂದು ಮಲ್ಕೊಳ್ಳಾಂವ. ನೀ ಬಂದಿದ್ರ ನಿನಗ ಕೈ ತೊಳಿಯಾಕ ನೀರ ಕೊಡೋರಿರ್ತಿದ್ದಿಲ್ಲ."

"ಮತ್ತ ಯಾಕ ಕರೀತಿದ್ದಿ?"

ಅವನು ಹೊಳೆಯ ದಿಕ್ಕಿಗೆ ನೋಡಿದ. "ಬೀಸು ಮುಂದ ಪ್ರತಿ ಸಲ ಅನಸ್ತಿತ್ತು, ಈಗಿಂದೀಗ ಹೊಳಿ ಇಳೀಬೇಕು, ನೀ ನಡಕೋತ ಬರಬೇಕು ಅಂತ. ಬಂದ್ರ ಏನ ಮಾಡ್ಲಿ ಅನ್ನೋದು ಆವಾಗ ಹೊಳೀತಿದ್ದಿಲ್ಲ. ಮನಿಗಿ ಬಂದ ಮ್ಯಾಲ ಹೊಳೀತಿತ್ತು." ಆಮೇಲೆ ದನಿ ಇಳಿಸಿದ. "ಮೊನ್ನಿ ಎರಡ ಸಲ ಬಸ್ಸಿಗಿ ಬಂದು ನಿಂತೆ. ಹತ್ತಲಿಲ್ಲ. ನಿನ್ನ ಕರೀಬೇಕಂದ್ರ ಇಕಿಗಿ ಇರು ಅನ್ನಬೇಕು. ಆಕಿ ಅವ್ವಗ ಈಗ ಕಣ್ಣ ಕಾಣಂಗಿಲ್ಲ, ಕೈ ಮುಟ್ಟಿ ಮಗಳ ಗುರ್ತ ಹಿಡೀತಾಳ. ಇರು ಅನ್ನಾಕ ನನಗ ಬಾಯಿ ಬರಲಿಲ್ಲ."

ಶಿವಕಾಂತಾಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಿನ್ನೆ ಮೇವು ಹಾಕಲು ಎದ್ದು ಹೋದ ಗಂಡ ನೆನಪಾದ. ಅವನಿಗೂ ಹೊಳೆ ಎಷ್ಟು ಅನುಕೂಲವಾಗಿತ್ತು. ಹೆಂಡತಿಯನ್ನು ಕಳಿಸಲೋ ತಂಗಿಯನ್ನು ಕರೆಯಲೋ ಎಂಬ ಪ್ರಶ್ನೆ ಅವನ ಕಟ್ಟೆ ಹತ್ತದಂತೆ ಭೀಮೆ ನೋಡಿಕೊಂಡಿದ್ದಳು. ಅವನು ಅವಳಿಗೆ ಒಮ್ಮೆಯಾದರೂ, ನಿನಗೆ ಇರು ಎನ್ನಲು ನನಗೆ ಬಾಯಿ ಬರುವುದಿಲ್ಲ ಎಂದಿದ್ದನೇ? ಅಣ್ಣ ತನ್ನ ಹೆಂಡತಿಯ ವಿಷಯಕ್ಕೆ ಅಂದ ಆ ಮಾತು ಅವಳಿಗೆ ಹೊಟ್ಟೆಯೊಳಗೆ ಉರಿಯಿತು, ಅದೇ ಹೊತ್ತಿಗೆ ಅಣ್ಣನ ಮೇಲೆ ಪ್ರೀತಿಯೂ ಉಕ್ಕಿತು.

"ಏಳು, ಹಸದಿರಬೇಕು" ಎಂದಳು.

ಅವಳು ಅಲ್ಲೇ ಉಳಿದಳು. ಅತ್ತಿಗೆ ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿಯ ಜತೆ ಬಿಸಿ ಪಲ್ಯ ಮಾಡಿ ಬಡಿಸಿದಳು. ಜೋಕಾಲಿ ಕಟ್ಟಲೇ ಎಂದು ಕಲ್ಯಾಣಪ್ಪ ಕೇಳಿದ. ತೊಲೆ ಮುರಿದೀತು ಎಂದು ಅವಳು ನಕ್ಕಳು. ಪಂಚಮಿಯ ಬೆಳಿಗ್ಗೆ ಹಿತ್ತಲ ಬೇವಿನ ಬುಡದ ಹುತ್ತಕ್ಕೆ ಕೊಬ್ಬರಿ ಬಟ್ಟಲಲ್ಲಿ ಹಾಲೆರೆದಳು. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ಇಷ್ಟು ವರ್ಷ ಗಂಡನ ಮನೆಯ ಹಿತ್ತಲಲ್ಲಿ ಇವೇ ಹೆಸರು ಹೇಳುತ್ತಿದ್ದಳು. ಬಟ್ಟಲಲ್ಲಿ ಹಾಲು ಇನ್ನೂ ಇತ್ತು. ವೈನಿಯ ಪಾಲು ಎಂದಳು, ವೈನಿಯ ಅವ್ವನ ಪಾಲು ಎಂದಳು, ಗಂಗಾಬಾಯಿಯ ಪಾಲೂ ಎರೆದಳು. ಹಾಲು ಮುಗಿಯಿತು.

ಮರುದಿನ ಬಸ್ಸಿಗೆ ಕಲ್ಯಾಣಪ್ಪ ಏರಿಯ ತುದಿಯ ತನಕ ಜತೆಗೆ ಬಂದ. ಬಸ್ಸು ಕಾಣುವ ಹೊತ್ತಿಗೆ, ಮುಖ ಆಚೆ ಮಾಡಿಕೊಂಡು ಕೇಳಿದ.

"ಮುಂದಿನ ವರ್ಷ ಕರೀಲೇನು?"

ಒಮ್ಮೆಗೇ ಹೂಂ ಎನ್ನಬಹುದಿತ್ತು. ಹರೆಯದಿಂದ ಕಾದ ಮಾತು, ಯಾವ ಹೊಳೆಯೂ ಇಲ್ಲದೆ, ಎರಡು ಹೆಜ್ಜೆ ದೂರದಲ್ಲಿ ನಿಂತು ಅಣ್ಣ ಕೇಳುತ್ತಿದ್ದ. ಅವಳು ಕರೆ ಎಂದರೆ ಅವನು ಖಂಡಿತ ಬರುವವನು. ಮನೆಯಲ್ಲಿ ಬಾಯಿ ಬಾರದಿದ್ದರೂ ತಂದುಕೊಂಡು ಬರುವವನು. ಅದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದೇ ಸಾಕು ಎನ್ನುವಷ್ಟು ದೊಡ್ಡ ಮನಸ್ಸು ಅವಳದಲ್ಲ. ಸಾಕಾಗಲಿಲ್ಲ. ಆದರೆ ಗಂಟು ಗೂಡಿನಲ್ಲಿಟ್ಟು ಸೆರಗು ಸಿಕ್ಕಿಸಿದ ವೈನಿಯೂ ಕಣ್ಣ ಮುಂದಿದ್ದಳು.

"ಪಂಚಮಿಗಿ ಕರೀಬ್ಯಾಡ" ಎಂದಳು. "ಬ್ಯಾರೆ ಯಾವಾಗರೆ ಕರಿ."

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಎಲ್ಲ ಸೀಟಿನಲ್ಲೂ ಹೆಂಗಸರು, ಮಡಿಲಲ್ಲಿ ಉಂಡಿಯ ಡಬ್ಬಿ, ಹೊಸ ಕುಬಸ, ಬಾಡಿದ ಹೂವು. ಹಬ್ಬ ಮುಗಿಸಿ ಗಂಡನ ಮನೆಗೆ ಹೊರಟವರು. ಅರ್ಧ ಮಂದಿಯ ಕಣ್ಣು ಕೆಂಪಾಗಿತ್ತು, ಉಳಿದವರು ಇನ್ನೂ ಅಳುತ್ತಿದ್ದರು. ಯಾರೋ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು. ಕುಳಿತು ಕಿಟಕಿಯಿಂದ ನೋಡಿದಾಗ ಏರಿಯ ಮೇಲೆ ಅಣ್ಣ ನಿಂತೇ ಇದ್ದ. ಅವಳಿಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿ ದೊಡ್ಡದಾಗಿ ಅತ್ತಳು. ಈ ಅಳುವಿಗೆ ಹಿತ್ತಲಿಗೆ ಹೋಗಿ ಮುಖ ತೊಳೆಯುವ ಅಗತ್ಯವಿರಲಿಲ್ಲ. ಅಲ್ಲಿ ಎಲ್ಲರೂ ಅಳುವವರೇ.

ಕಂಡಕ್ಟರ್ ಅಬ್ದುಲ್ ಗನಿ ಟಿಕೇಟಿನ ಕಟ್ಟು ಹಿಡಿದು ಹತ್ತಿರ ಬಂದವನು ಅವಳನ್ನು ನೋಡಿ ಮುಂದಿನ ಸೀಟಿಗೆ ಹೋದ. "ಅಳ್ರಿ ಅಕ್ಕಾರ, ಆಮ್ಯಾಲ ಕೊಡ್ತೇನಿ" ಎಂದ. ಪಂಚಮಿ ಮರುದಿನ ಅವನಿಗೆ ಇದು ರೂಢಿ.

ಬಸ್ಸು ಪೂಲಿನ ಮೇಲೆ ಹತ್ತಿತು. ಪಕ್ಕದ ಹೆಂಗಸು ಮೂಗು ಒರೆಸಿಕೊಂಡು, ಕಷ್ಟ ಸುಖ ಕೇಳುವ ದನಿಯಲ್ಲಿ ಕೇಳಿದಳು. "ತವರು ಎಲ್ಲಿಬೇ?"

"ಹುಣಸಿಹಾಳ್ರಿ."

"ಅಣ್ಣ ಕರಿಯಾಕ ಬಂದಿದ್ನೇನು?"

ಶಿವಕಾಂತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಇಪ್ಪತ್ತ ವರ್ಷದಿಂದ ಕರಿಯಾಕತ್ತಾನ್ರಿ" ಎಂದಳು. "ಬರಾಕ ನನಗ ಆಗಿದ್ದಿಲ್ಲ."